ಮಳೆಗಾಲಕ್ಕೆ ಮೊದಲು ಮನೆಯಲ್ಲಿ ಏನೇನು ಇಟ್ಟುಕೊಳ್ಳಬೇಕು? ರೆಡಿಮೇಡ್ ಎಮರ್ಜೆನ್ಸಿ ಬ್ಯಾಗ್ ತಗೊಳ್ಳೋದಾ, ಬೇಡ್ವಾ?

ವಡಗಾವಿಯವಳು:

ಎಲ್ಲರಿಗೂ ನಮಸ್ಕಾರ. ಬೆಳಗಾವಿಯ ವಡಗಾವಿ ಕಡೆ ನೆಲಮಹಡಿಯ ಬಾಡಿಗೆ ಮನೆಯಲ್ಲಿದ್ದೇವೆ. ಬಳ್ಳಾರಿ ನಾಲಾ ನಮಗೆ ಅಷ್ಟೇನೂ ದೂರ ಇಲ್ಲ. ಮನೆಯಲ್ಲಿ ಇರೋದು ನಾನು, ನಾಲ್ಕು ವರ್ಷದ ಮಗಳು, ಅತ್ತೆ. ಅತ್ತೆಗೆ ಶುಗರ್ ಇದೆ, ದಿನಾ ಇನ್ಸುಲಿನ್ ತಗೊಳ್ಳುತ್ತಾರೆ. ನಮ್ಮ ಮನೆಯವರ ಕೆಲಸ ಪುಣೆಯಲ್ಲಿ. ಶನಿವಾರ ಬಂದು ರವಿವಾರ ರಾತ್ರಿ ಮತ್ತೆ ಬಸ್ ಹತ್ತುತ್ತಾರೆ.

ಜೋರು ಮಳೆ ಹಿಡಿದರೆ ನಿಪ್ಪಾಣಿ ಹತ್ತಿರ ಯಮಗರ್ಣಿಯಲ್ಲಿ ವೇದಗಂಗಾ ನೀರು ಹೈವೇಗೆ ಬರುತ್ತದೆ, ಪುಣೆ ರಸ್ತೆ ಬಂದ್. 2019ರಲ್ಲಿ ಆಯಿತು, 2021ರಲ್ಲೂ ಆಯಿತು. ಅಂಥ ಹೊತ್ತಿನಲ್ಲಿ ಅವರು ಅಲ್ಲೇ, ನಾವು ಇಲ್ಲೇ. ಕರೆಂಟ್ ಇಲ್ಲ, ನಳ ಬಂದಿಲ್ಲ, ಅಂಗಡಿ ತೆರೆದಿಲ್ಲ ಅಂದರೆ ಮೂರು ದಿನ ನಾನೊಬ್ಬಳೇ ಮನೆ ನಡೆಸಬೇಕು.

ಅದಕ್ಕೆ ಅವರು ಆನ್‌ಲೈನ್‌ನಲ್ಲಿ ಒಂದು ಬ್ಯಾಗ್ ನೋಡಿದ್ದಾರೆ. '72 ಗಂಟೆ ಕಿಟ್' ಅಂತೆ. ಬೆಳ್ಳಿ ಕಾಗದದಂಥ ಹೊದಿಕೆ, ಸೀಟಿ, ಕೈಯಲ್ಲಿ ತಿರುವಿ ಚಾರ್ಜ್ ಮಾಡುವ ಟಾರ್ಚು, ಏನೋ ಬಿಸ್ಕಿಟ್ ತರಹದ್ದು, ಇನ್ನೂ ಏನೇನೋ. ಆರು ಸಾವಿರದ ಮೇಲೆ ರೇಟು. ಅತ್ತೆಗೆ ತೋರಿಸಿದರೆ 'ರೊಟ್ಟಿ ಐತಿ, ಚಟ್ನಿಪುಡಿ ಐತಿ, ಇನ್ನೇನು ಬೇಕವ್ವಾ' ಅಂತ ನಕ್ಕರು. ನನಗೆ ಇಬ್ಬರ ಮಾತೂ ಪೂರ್ತಿ ಸರಿ ಅನ್ನಿಸುತ್ತಿಲ್ಲ. ನಿಮ್ಮ ಮನೆಗಳಲ್ಲಿ ಏನು ಮಾಡಿದ್ದೀರಿ? ನಮ್ಮದು ಸಣ್ಣ ಮನೆ, ಒಂದೇ ಅಟ್ಟ, ಅದೂ ಅರ್ಧ ಮನೆ ಮಾಲೀಕರ ಪಾತ್ರೆಗಳಿಂದ ತುಂಬಿದೆ. ಜಾಗ ನೋಡಿಕೊಂಡು ಹೇಳಿ ಪ್ಲೀಸ್.


ಗೋಕಾಕ ಮಾಸ್ತರ:

ತಂಗೀ, ಆ ಬ್ಯಾಗ್ ಬೇಡ. ಆರು ಸಾವಿರಕ್ಕೆ ನಿಮ್ಮ ಮನೆಗೆ ಬೇಕಾದ್ದೆಲ್ಲ ಬಂದು ಮೇಲೆ ರೊಕ್ಕ ಉಳಿಯುತ್ತದೆ.

ಮೊದಲು ಒಂದು ವಿಚಾರ ಬೇರೆ ಮಾಡಿಕೊಳ್ಳಿ. ಮನೆಯಲ್ಲೇ ಕೂತು ಮೂರು ದಿನ ಕಳೆಯುವ ತಯಾರಿ ಒಂದು. ಹತ್ತು ನಿಮಿಷದಲ್ಲಿ ಮನೆ ಬಿಟ್ಟು ಹೊರಡುವ ತಯಾರಿ ಇನ್ನೊಂದು. ಇವೆರಡನ್ನೂ ಒಂದೇ ಬ್ಯಾಗಿನಲ್ಲಿ ತುಂಬಲು ಹೋದರೆ ಅದು ಎತ್ತಲಿಕ್ಕೂ ಆಗದು, ಸಾಕಾಗುವುದೂ ಇಲ್ಲ. ನೀವು ನೆಲಮಹಡಿಯಲ್ಲಿ ಇದ್ದೀರಿ, ನಾಲಾ ಹತ್ತಿರ ಇದೆ. ಹಾಗಾಗಿ ನಿಮಗೆ ಎರಡನೆಯದೇ ಮೊದಲು ಬೇಕು.

2019ರ ಆಗಸ್ಟ್‌ನಲ್ಲಿ ನಮ್ಮೂರಿಗೆ ನೀರು ಬಂದದ್ದನ್ನು ನೋಡಿದವರಿಗೆ ಗೊತ್ತು. ನಮ್ಮಲ್ಲಿ ಮಳೆ ಎಷ್ಟು ಬಿತ್ತು ಅನ್ನೋದು ಅಲ್ಲಿ ಮುಖ್ಯವೇ ಅಲ್ಲ. ಘಟಪ್ರಭೆಗೆ ಹಿಡಕಲ್ ಡ್ಯಾಮಿನಿಂದ ಬಿಟ್ಟ ನೀರು ಬರುತ್ತದೆ, ಅದರ ಜೊತೆ ಹಿರಣ್ಯಕೇಶಿ, ಮಾರ್ಕಂಡೇಯ ಎಲ್ಲ ಬಂದು ಸೇರುತ್ತವೆ. ಲೋಳಸೂರ ಸೇತುವೆ ಮುಳುಗಿತು ಅಂತ ಸುದ್ದಿ ಬರುವಷ್ಟರಲ್ಲಿ ಕೆಳಗಿನ ಓಣಿಯವರು ಟ್ರಂಕ್ ಹುಡುಕುತ್ತಿದ್ದರು. ಆಗ ಯಾರಿಗೂ ಅನ್ನದ ಚಿಂತೆ ಇರಲಿಲ್ಲ. ಗಂಜಿ ಕೇಂದ್ರ ಇತ್ತು, ಮಠಗಳಲ್ಲಿ ದಾಸೋಹ ಇತ್ತು, ಸುತ್ತಲಿನ ಹಳ್ಳಿಯವರು ರೊಟ್ಟಿ ಗಂಟು ಕಟ್ಟಿ ಕಳಿಸಿದರು. ಚಿಂತೆ ಇದ್ದದ್ದು ಕಾಗದಪತ್ರದ್ದು. ಪರಿಹಾರಕ್ಕೆ ಅರ್ಜಿ ಹಾಕುವಾಗ ಆಧಾರ್ ಬೇಕು, ಪಾಸ್‌ಬುಕ್ ಬೇಕು, ಮನೆಯ ಉತಾರ ಬೇಕು. ಅವೆಲ್ಲ ಕೆಸರಿನಲ್ಲಿ ಮುದ್ದೆಯಾಗಿದ್ದವು. ಮಕ್ಕಳ ಮಾರ್ಕ್ಸ್ ಕಾರ್ಡ್ ಒಣಗಿಸಲು ಹೆಂಚಿನ ಮೇಲೆ ಹರವಿದ್ದನ್ನೂ ನೋಡಿದ್ದೇನೆ.

ಹಾಗಾಗಿ ಒಂದು ಹಳೆಯ ಸ್ಕೂಲ್ ಬ್ಯಾಗ್ ಸಾಕು. ಅಸಲಿ ಕಾಗದಗಳನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಗಾಳಿ ತೆಗೆದು, ಬಾಯಿಗೆ ಟೇಪ್ ಸುತ್ತಿ. ಡಿಜಿಲಾಕರ್‌ನಲ್ಲೂ ಹಾಕಿಡಿ, ಮೊಬೈಲಿನಲ್ಲಿ ಫೋಟೊ ಇರಲಿ, ಪುಣೆಯಲ್ಲಿರುವ ಯಜಮಾನರ ಹತ್ತಿರವೂ ಒಂದು ಪ್ರತಿ ಇರಲಿ. ಅತ್ತೆಯ ಔಷಧ ಚೀಟಿ, ಅವರ ಇನ್ನೊಂದು ಚಾಳೀಸು, ಮಗುವಿಗೆ ಎರಡು ಜೊತೆ ಬಟ್ಟೆ, ಒಂದು ತೆಳ್ಳನೆಯ ಕೌದಿ, ಟಾರ್ಚು, ಚಾರ್ಜರ್. ರೊಕ್ಕ ನೋಟಿನಲ್ಲೇ ಇರಲಿ, ಅದೂ ಹತ್ತು, ಇಪ್ಪತ್ತು, ಐವತ್ತು, ನೂರರ ನೋಟು. ಟವರ್ ಹೋದರೆ ಫೋನ್‌ಪೇ ಇಲ್ಲ, ಐದುನೂರಕ್ಕೆ ಯಾರೂ ಚಿಲ್ಲರೆ ಕೊಡೋದಿಲ್ಲ.

ಇನ್ನೊಂದು ಮಾತು, ರೊಕ್ಕ ಖರ್ಚಿಲ್ಲದ್ದು. ಮೇಲಿನ ಮಹಡಿಯವರ ಹತ್ತಿರ ಈಗಲೇ ಹೋಗಿ ಮಾತಾಡಿ. 'ರಾತ್ರಿ ನೀರು ಬಂದರೆ ಅತ್ತೇನ್ನ ಕರಕೊಂಡು ಮ್ಯಾಲ ಬರ್ತೀವ್ರೀ' ಅಂತ ಮೊದಲೇ ಹೇಳಿರಿ. ಆಪತ್ತಿನಲ್ಲಿ ಯಾರೂ ಬೇಡ ಅನ್ನೋದಿಲ್ಲ ನಿಜ, ಆದರೆ ಆ ರಾತ್ರಿ ಅವರೇ ಊರಿಗೆ ಹೋಗಿ ಬಾಗಿಲಿಗೆ ಬೀಗ ಇದ್ದರೆ? ಕೀಲಿಕೈ ಯಾರ ಹತ್ತಿರ ಇರುತ್ತದೆ ಅಂತ ಕೇಳಿಟ್ಟುಕೊಳ್ಳಿ.


ಕರೆಂಟ್ ಕಾಕಾ:

ಮಾಸ್ತರ ಹೇಳಿದ್ದು ಸರಿ. ನಾನು ಮನೆಯಲ್ಲೇ ಇರುವ ಮೂರು ದಿನದ ಬಗ್ಗೆ ಹೇಳುತ್ತೇನೆ.

ಮನೆಯಲ್ಲಿ ಕರೆಂಟ್ ಇಲ್ಲದೆ ಯಾವುದು ನಿಲ್ಲುತ್ತದೆ ಅಂತ ಒಮ್ಮೆ ಸುತ್ತು ಹಾಕಿ ನೋಡಿ. ಬಲ್ಬು, ಫ್ಯಾನು ಎಲ್ಲರಿಗೂ ಹೊಳೆಯುತ್ತದೆ. ಹೊಳೆಯದೇ ಇರೋದು ಬೇರೆ ಇದೆ. ಬೋರ್ ಮೋಟರ್ ನಿಂತರೆ ಮೇಲಿನ ಟಾಕಿಗೆ ನೀರಿಲ್ಲ. ವಾಟರ್ ಫಿಲ್ಟರ್ ನಿಂತರೆ ಕುಡಿಯೋಕೆ ಇಲ್ಲ. ಮಿಕ್ಸರ್ ಇಲ್ಲ, ಇಂಡಕ್ಷನ್ ಒಲೆ ಇಲ್ಲ. ಎಲ್ಲಕ್ಕಿಂತ ದೊಡ್ಡದು, ಗಿರಣಿ ಇಲ್ಲ! ಮನೆಯಲ್ಲಿ ಅರ್ಧ ಚೀಲ ಜೋಳ ಇದೆ ಅಂತ ನಿಶ್ಚಿಂತೆಯಿಂದ ಇರುತ್ತೀರಿ, ಆದರೆ ಬೀಸದೆ ಜೋಳ ರೊಟ್ಟಿ ಆಗೋದಿಲ್ಲ. ಬೀಸುವ ಕಲ್ಲು ಈಗ ಎಷ್ಟು ಮನೆಯಲ್ಲಿದೆ? ಇದ್ದರೂ ಅಂಗಳದಲ್ಲಿ ತುಳಸಿಕಟ್ಟೆ ಪಕ್ಕ ಅಲಂಕಾರಕ್ಕೆ. ಹಾಗಾಗಿ ಮಳೆಗಾಲದಲ್ಲಿ ಹಿಟ್ಟಿನ ಡಬ್ಬಿ ಅರ್ಧ ಆದ ಕೂಡಲೇ ಗಿರಣಿಗೆ ಹೋಗಿ ಬನ್ನಿ, ತಳ ಕಾಣುವ ತನಕ ಕಾಯಬೇಡಿ. ಜೋಳದ ಹಿಟ್ಟು, ಗೋಧಿ ಹಿಟ್ಟು ಪರವಾಗಿಲ್ಲ. ಸಜ್ಜೆ ಹಿಟ್ಟು ಮಾತ್ರ ಜಾಸ್ತಿ ಬೀಸಿಡಬೇಡಿ, ಬೇಗ ಕಹಿ ಆಗುತ್ತದೆ.

ನಿಮ್ಮ ಅತ್ತೆಯ ಮಾತನ್ನು ಮಾತ್ರ ನಾನು ಒಪ್ಪುತ್ತೇನೆ. ಖಡಕ್ ರೊಟ್ಟಿ ಒಂದು ಡಬ್ಬಿ ತುಂಬಾ ಇರಲಿ. ಮಾಡೋಕೆ ಆಗದಿದ್ದರೆ ರೊಟ್ಟಿ ಕೇಂದ್ರದಿಂದ ತನ್ನಿ. ತೇವ ತಾಗದಂತೆ ಇಟ್ಟರೆ ವಾರಗಟ್ಟಲೆ ಇರುತ್ತದೆ. ಶೇಂಗಾ ಚಟ್ನಿ, ಅಗಸಿ ಚಟ್ನಿ, ಗುರೆಳ್ಳು ಚಟ್ನಿ ಇದ್ದೇ ಇರುತ್ತದೆ. ಪುಟಾಣಿ, ಬೆಲ್ಲ, ಚುರಮುರಿ, ಅವಲಕ್ಕಿ ಸೇರಿಸಿ. ಒಲೆ ಹಚ್ಚದೆ ತಿನ್ನುವಂಥದ್ದು ಇಷ್ಟು ಇದ್ದರೆ ಆ ಕಿಟ್ಟಿನ ಬಿಸ್ಕಿಟ್ ಯಾಕೆ? ದಿನಾ ತಿನ್ನೋದನ್ನೇ ಸ್ವಲ್ಪ ಜಾಸ್ತಿ ಇಟ್ಟು, ಹಳೆಯದನ್ನು ಮೊದಲು ತಿಂದು, ಹೊಸದನ್ನು ಹಿಂದೆ ಇಟ್ಟರೆ ಯಾವುದೂ ಕೆಡೋದಿಲ್ಲ.

ಇನ್ನು ಇನ್ವರ್ಟರ್. ಅಂಗಡಿಯವರು 'ಇಡೀ ದಿನ ನಡೀತದ ಸರ್' ಅಂತ ಹೇಳಿ ಕಳಿಸುತ್ತಾರೆ, ಲೆಕ್ಕ ನೀವೇ ಹಾಕಿ. 12 ವೋಲ್ಟ್, 150 ಎಎಚ್ ಬ್ಯಾಟರಿ ಅಂದರೆ ಹೆಸರಿಗೆ 1,800 ವ್ಯಾಟ್ ಅವರ್. ಪೂರ್ತಿ ಖಾಲಿ ಮಾಡಿದರೆ ಬ್ಯಾಟರಿ ಹಾಳು, ನಡುವೆ ಇನ್ವರ್ಟರ್ ಸ್ವಲ್ಪ ತಿನ್ನುತ್ತದೆ, ಕೈಗೆ ಸಿಗೋದು ಸುಮಾರು 1,150. ಹಳೆಯ ಮಾದರಿಯ ಫ್ಯಾನ್ ಒಂದಕ್ಕೆ 75 ವ್ಯಾಟ್ ಹಿಡಿಯಿರಿ, ಎಲ್‌ಇಡಿ ಬಲ್ಬಿಗೆ 9. ಎರಡು ಫ್ಯಾನ್ ಮೂರು ಬಲ್ಬು ಸೇರಿ 177 ವ್ಯಾಟ್, ಅಂದರೆ ಆರೂವರೆ ತಾಸು. ಅವೇ ಫ್ಯಾನ್ ಬಿಎಲ್‌ಡಿಸಿ, ಅಂದರೆ ಕಡಿಮೆ ಕರೆಂಟ್ ತಿನ್ನುವ ಹೊಸ ಮಾದರಿಯದು ಆಗಿದ್ದರೆ ಒಂದಕ್ಕೆ 30 ವ್ಯಾಟ್ ಆಸುಪಾಸು, ಹದಿಮೂರು ತಾಸು ಬರುತ್ತದೆ. ಇದು ಹೊಸ ಬ್ಯಾಟರಿಯ ಲೆಕ್ಕ. ಡಿಸ್ಟಿಲ್ಡ್ ವಾಟರ್ ಹಾಕದೆ ಮೂರು ವರ್ಷ ಮೂಲೆಯಲ್ಲಿ ಕೂತಿದ್ದರ ಕಥೆ ಬೇರೆ. ಮತ್ತೆ ನೆಲಮಹಡಿಯವರು ಬ್ಯಾಟರಿಯನ್ನು ನೆಲದ ಮೇಲೆ ಇಡಬೇಡಿ, ಎತ್ತರದ ಗಟ್ಟಿ ಸ್ಟ್ಯಾಂಡ್ ಮಾಡಿಸಿ, ಗಾಳಿ ಆಡುವ ಕಡೆ ಇಡಿ.

ಬಾಡಿಗೆ ಮನೆಯಲ್ಲಿ ಇನ್ವರ್ಟರ್ ಬೇಡ ಅನ್ನಿಸಿದರೆ ಒಂದು ಚಾರ್ಜಿಂಗ್ ಲೈಟು, ಒಂದು 20,000 ಎಂಎಎಚ್ ಪವರ್ ಬ್ಯಾಂಕ್ ಸಾಕು. ಪೆಟ್ಟಿಗೆ ಮೇಲೆ ಏನೇ ಬರೆದಿರಲಿ, ದೊಡ್ಡ ಬ್ಯಾಟರಿಯ ಫೋನನ್ನು ಅದು ಎರಡೂವರೆ ಸಲ ತುಂಬುತ್ತದೆ ಅಷ್ಟೇ. ನಾಲ್ಕು ಸಲ ಅಲ್ಲ.

ನೀರು ಹೊಸ್ತಿಲಿಗೆ ಬರುತ್ತಿದೆ ಅನ್ನಿಸಿದ ಕೂಡಲೇ ಮೇನ್ ಸ್ವಿಚ್ ಆಫ್. ಕಾಲು ನೀರಿನಲ್ಲಿದ್ದಾಗ ಬೋರ್ಡ್ ಮುಟ್ಟಬಾರದು. ನೀರು ಇಳಿದ ಮೇಲೆ 'ಒಣಗಿದೆ ಅಲ್ವಾ' ಅಂತ ನೀವೇ ಆನ್ ಮಾಡಬೇಡಿ, ವೈರಿಂಗ್‌ನವರು ನೋಡಿ ಹೇಳಲಿ. ಬೀದಿಯಲ್ಲಿ ತಂತಿ ಹರಿದು ಬಿದ್ದಿದ್ದರೆ 1912ಕ್ಕೆ ಫೋನ್ ಮಾಡಿ, ಮಗುವನ್ನು ಹೊರಗೆ ಬಿಡಬೇಡಿ.


ಇಂಡಿ ನಿಂಬೆ:

ಸುಮ್ನೆ ಆ ಅಕ್ಕನ್ನ ಹೆದರಿಸುತ್ತಿದ್ದೀರಿ ಅನ್ನಿಸುತ್ತದೆ ನನಗೆ. ವಿಜಯಪುರ ಜಿಲ್ಲೆಯಲ್ಲಿ ಹುಟ್ಟಿದವರಿಗೆ ಇದೆಲ್ಲ ಎಮರ್ಜೆನ್ಸಿ ಅಲ್ಲವೇ ಅಲ್ಲ, ವರ್ಷದ ದಿನಚರಿ. ನಳ ಯಾವಾಗ ಬರುತ್ತದೋ ಆಗ ಬ್ಯಾರಲ್, ಕೊಡ, ಬಕೆಟ್, ಸಿಕ್ಕಿದ್ದೆಲ್ಲ ತುಂಬಿಡೋದು. ಬೇಸಿಗೆಯಲ್ಲಿ ಟ್ಯಾಂಕರ್ ದಾರಿ ಕಾಯೋದು. ನಮ್ಮ ಅಜ್ಜನ ಕಾಲದಲ್ಲಿ ಹಗೇವು ಇತ್ತು, ನೆಲದೊಳಗೆ ಜೋಳ ಸುರಿದು ಬಾಯಿ ಮುಚ್ಚಿದರೆ ಬರಗಾಲಕ್ಕೂ ಹೆದರುತ್ತಿರಲಿಲ್ಲ. ಅವರಿಗೆ ಯಾವ ಕಿಟ್ ಇತ್ತು?


ಮುಧೋಳ ಹೌಂಡ್:

ಇಂಡಿ ಅಣ್ಣಾ, ಹಗೇವಿನ ಮಾತು ಚೆಂದ. ಆದರೆ ಅದರೊಳಗೆ ನೀರು ಇಳಿದರೆ ಅಷ್ಟೂ ಜೋಳ ಹೋಯಿತು. ಬಾಯಿ ತೆರೆದ ಕೂಡಲೇ ಇಳಿದು ಉಸಿರುಗಟ್ಟಿ ಸತ್ತವರೂ ಇದ್ದಾರೆ. ಅದಕ್ಕೇ ಹಿರಿಯರು ತೆರೆದು ಗಾಳಿ ಆಡಲು ಬಿಟ್ಟು, ದೀಪ ಇಳಿಸಿ, ಆರುತ್ತದಾ ಅಂತ ನೋಡಿ ಇಳಿಯುತ್ತಿದ್ದರು. ಅದೂ ತಯಾರಿಯೇ ಅಲ್ವಾ? ನಿಮ್ಮ ಜಿಲ್ಲೆಗೆ ನೆರೆ ಬರೋದೇ ಇಲ್ಲ ಅನ್ನೋ ಹಾಗೂ ಇಲ್ಲ. 2009ರಲ್ಲಿ ಸೆಪ್ಟೆಂಬರ್ ಕೊನೆಗೆ ಹಿಡಿದ ಮಳೆಗೆ ಡೋಣಿ ಹೊಳೆ ಏನು ಮಾಡಿತು ಅಂತ ತಾಳಿಕೋಟಿ ಕಡೆಯವರನ್ನು ಕೇಳಿ.

ಇಲ್ಲಿ ಯಾರೂ ಹೇಳದ ಒಂದು ವಿಷಯ, ಮಣ್ಣಿನ ಮಾಳಿಗೆ ಮನೆ. ವಡಗಾವಿ ಅಕ್ಕನ ಮನೆ ಆರ್‌ಸಿಸಿ ಇರಬಹುದು, ಆದರೆ ಊರಲ್ಲಿ ಅಪ್ಪ ಅಮ್ಮ ಇರುವ ಮನೆ? ನಮ್ಮ ಕಡೆ ಮಳೆಗಾಲದ ಸಾವುಗಳ ಸುದ್ದಿ ನೋಡಿ, ಹೊಳೆಯಷ್ಟೇ ಗೋಡೆಯೂ ಜೀವ ತೆಗೆಯುತ್ತದೆ. ಎರಡು ಮೂರು ದಿನ ಬಿಡದೆ ಜಿಟಿಜಿಟಿ ಮಳೆ ಹಿಡಿದಾಗ ಗೋಡೆ ಒಳಗೇ ನೆನೆಯುತ್ತದೆ, ಮೇಲೆ ಮಾಳಿಗೆಯ ಭಾರ. ಸೋರುತ್ತದೆ ಅಂತ ಪ್ರತಿ ವರ್ಷ ಮಣ್ಣು ಹಾಕುತ್ತಾ ಹೋಗುತ್ತೇವೆ, ಹಳೆಯದನ್ನು ತೆಗೆಯೋದಿಲ್ಲ. 1993ರ ಸೆಪ್ಟೆಂಬರ್ 30ರಂದು ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಭೂಕಂಪ ಆದಾಗ ಅಷ್ಟೊಂದು ಜನ ಸತ್ತದ್ದಕ್ಕೆ ಒಂದು ದೊಡ್ಡ ಕಾರಣ ಇಂಥವೇ ಮನೆಗಳು. ಕಲ್ಲು ಮಣ್ಣಿನ ದಪ್ಪ ಗೋಡೆ, ಮೇಲೆ ಭಾರದ ಮಣ್ಣಿನ ಮಾಳಿಗೆ, ನಸುಕಿನಲ್ಲಿ ಜನ ಮಲಗಿದ್ದ ಹೊತ್ತು. ವಿಜಯಪುರ ಕಡೆ ಈಚಿನ ವರ್ಷಗಳಲ್ಲಿ ಸಣ್ಣ ಸಣ್ಣ ಕಂಪನ ಆಗುತ್ತಲೇ ಇವೆ. ಹೆದರಬೇಕಿಲ್ಲ. ಆದರೆ ಗೋಡೆ ಉಬ್ಬಿದೆಯಾ, ಮೂಲೆ ಬಿರಿದಿದೆಯಾ, ತೊಲೆಗೆ ಗೆದ್ದಲು ಹತ್ತಿದೆಯಾ ಅಂತ ಮೇ ತಿಂಗಳಲ್ಲೇ ನೋಡಬೇಕು. ಅಂಥ ಗೋಡೆ ಪಕ್ಕ ಮಲಗಬಾರದು, ದನ ಕಟ್ಟಬಾರದು. ಮಳೆ ಬಿಡದೇ ಇದ್ದರೆ ಆ ರಾತ್ರಿ ಶಾಲೆಯಲ್ಲೋ ಸಮುದಾಯ ಭವನದಲ್ಲೋ ಮಲಗಿದರೆ ಮಾನ ಹೋಗೋದಿಲ್ಲ.

ಹೊಳೆ ದಂಡೆಯ ಊರಿನವರಿಗೆ ಇನ್ನೊಂದು. ದನಗಳು. ನಮ್ಮ ಜನ ಮನೆ ಬಿಟ್ಟು ಬರದೇ ಇರೋಕೆ ಅರ್ಧ ಕಾರಣ ಎಮ್ಮೆ. ಹಾಗಾಗಿ ಅವುಗಳನ್ನು ಎಲ್ಲಿಗೆ ಹೊಡೆದುಕೊಂಡು ಹೋಗಬೇಕು ಅನ್ನೋದು ಮೊದಲೇ ಗಟ್ಟಿ ಇರಲಿ, ಕಣಕಿ ಬಣವಿ ಸ್ವಲ್ಪವಾದರೂ ಏರಿನ ಹೊಲದಲ್ಲಿ ಇರಲಿ. ಒಯ್ಯೋಕೆ ಆಗಲೇ ಇಲ್ಲ ಅಂದರೆ ಹಗ್ಗ ಬಿಚ್ಚಿ ಬಿಡಿ. ಕಟ್ಟಿದ ದನ ಮುಳುಗುತ್ತದೆ, ಬಿಟ್ಟ ದನ ಈಜುತ್ತದೆ. ನಾವು ನಮ್ಮ ಕಡೆಯ ಮೋಡ ನೋಡೋದಿಲ್ಲ, ಪಶ್ಚಿಮದ ಸುದ್ದಿ ನೋಡುತ್ತೇವೆ. ಕೃಷ್ಣೆ ದಂಡೆಯವರು ಮಹಾರಾಷ್ಟ್ರದ ಕೊಯ್ನಾ ಡ್ಯಾಮಿನಿಂದ ಎಷ್ಟು ಕ್ಯೂಸೆಕ್ ಬಿಟ್ಟರು, ರಾಜಾಪುರ ಬ್ಯಾರೇಜಿನಿಂದ ಎಷ್ಟು ಬರುತ್ತಿದೆ ಅಂತ ಕೇಳುತ್ತಾರೆ. ಘಟಪ್ರಭೆ ದಂಡೆಯವರಿಗೆ ಹಿಡಕಲ್. ಮಾಚಕನೂರಿನ ಹೊಳೆಬಸವೇಶ್ವರ ಗುಡಿಗೆ ನೀರು ಹೊಕ್ಕಿತು ಅಂದರೆ ನಮ್ಮಲ್ಲಿ ಯಾರೂ ಆಮೇಲೆ ಆ್ಯಪ್ ನೋಡುತ್ತಾ ಕೂರೋದಿಲ್ಲ.


ನವನಗರ ನರ್ಸಕ್ಕ:

ಬಾಗಲಕೋಟೆಯಿಂದ. ಎಲ್ಲರೂ ಇಷ್ಟು ಬರೆದರು, ಆ ಹೆಣ್ಣುಮಗಳು ಮೊದಲೇ ಹೇಳಿದ ಇನ್ಸುಲಿನ್ ಬಗ್ಗೆ ಒಬ್ಬರೂ ಬರೆಯಲಿಲ್ಲ!

ನೋಡಮ್ಮಾ, ಕರೆಂಟ್ ಹೋದ ಕೂಡಲೇ ಇನ್ಸುಲಿನ್ ಕೆಟ್ಟುಹೋಗೋದಿಲ್ಲ. ತೆರೆಯದ ಬಾಟಲಿಗೆ 2ರಿಂದ 8 ಡಿಗ್ರಿ ಬೇಕು, ಅಂದರೆ ಫ್ರಿಜ್. ಬಳಕೆಯಲ್ಲಿರುವ ಬಾಟಲಿ ಅಥವಾ ಪೆನ್ನು ಸಾಮಾನ್ಯವಾಗಿ ನಾಲ್ಕು ವಾರದ ತನಕ ಹೊರಗೇ ಇರಬಹುದು, ತಾಪ 30 ಡಿಗ್ರಿ ಒಳಗಿದ್ದರೆ. ನಿಮ್ಮದು ಯಾವ ಕಂಪನಿಯದು ಅಂತ ನೋಡಿ, ಪೆಟ್ಟಿಗೆಯೊಳಗಿನ ಚೀಟಿಯಲ್ಲಿ ಬರೆದಿರುತ್ತದೆ. ಬೆಳಗಾವಿಯ ಮಳೆಗಾಲದ ತಂಪಿನಲ್ಲಿ ಇದು ಸಮಸ್ಯೆಯೇ ಅಲ್ಲ. ನಮ್ಮ ಬಾಗಲಕೋಟೆ, ವಿಜಯಪುರದ ಬೇಸಿಗೆಯಲ್ಲಿ ಮಾತ್ರ ಕಷ್ಟ. ಆಗ ಎರಡು ಮಣ್ಣಿನ ಗಡಿಗೆ ತಗೊಳ್ಳಿ. ದೊಡ್ಡದರೊಳಗೆ ಸಣ್ಣದನ್ನು ಇಟ್ಟು, ನಡುವೆ ಮರಳು ತುಂಬಿ ನೀರು ಚಿಮುಕಿಸುತ್ತಾ ಇರಿ. ಬಾಟಲಿಯನ್ನು ಒಣ ಡಬ್ಬಿಯಲ್ಲಿ ಹಾಕಿ ಒಳಗಿನ ಗಡಿಗೆಯಲ್ಲಿಟ್ಟು, ಮೇಲೆ ಒದ್ದೆ ಬಟ್ಟೆ ಮುಚ್ಚಿ. ಐಸ್ ಮೇಲೆ ನೇರವಾಗಿ ಇಡಬೇಡಿ, ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಕೆಲಸಕ್ಕೆ ಬಾರದು. ಕರೆಂಟ್ ಇಲ್ಲದಾಗ ಫ್ರಿಜ್ ಬಾಗಿಲು ಪದೇ ಪದೇ ತೆರೆಯದಿದ್ದರೆ ಸುಮಾರು ನಾಲ್ಕು ತಾಸು ತಂಪು ಇರುತ್ತದೆ.

ಔಷಧ ಮುಗಿಯುವ ದಿನ ಅಂಗಡಿಗೆ ಹೋಗುವ ರೂಢಿ ಬಿಡಿ. ಜೂನ್‌ನಿಂದ ಅಕ್ಟೋಬರ್ ತನಕ ಎರಡು ವಾರದ್ದು ಕೈಯಲ್ಲಿ ಜಾಸ್ತಿ ಇರಲಿ, ಸಿರಿಂಜು ಸೂಜಿ ಸೇರಿ. ಮತ್ತೆ ಶುಗರ್ ಇಳಿಯೋದು ಏರೋದಕ್ಕಿಂತ ಅಪಾಯ. ಗಡಿಬಿಡಿಯಲ್ಲಿ ಇನ್ಸುಲಿನ್ ತಗೊಂಡು ಊಟ ತಡ ಆದರೆ ಬೆವರು, ನಡುಕ, ತಲೆ ಗಿಂವ್ ಅನ್ನೋದು. ಮಾಸ್ತರ ಹೇಳಿದ ಬ್ಯಾಗಿನಲ್ಲಿ ಸಕ್ಕರೆ ಪೊಟ್ಟಣ ಇರಲೇಬೇಕು.

ಕುಡಿಯೋಕೆ, ಅಡುಗೆಗೆ ಅಂತ ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರ್ ಲೆಕ್ಕ ಹಿಡಿದರೆ ಮೂವರಿಗೆ ಮೂರು ದಿನಕ್ಕೆ 36. ಎರಡು 20 ಲೀಟರ್ ಕ್ಯಾನ್ ಸಾಕು, ಅಟ್ಟ ಬೇಕಿಲ್ಲ, ಅಡುಗೆಕಟ್ಟೆ ಕೆಳಗೆ ಕೂರುತ್ತವೆ. ಬಳಸೋಕೆ ಬೇರೆ ಡ್ರಮ್ಮು. ಇಂಡಿ ತಮ್ಮಾ, ಬ್ಯಾರಲ್ ತುಂಬಿಡೋದು ಒಳ್ಳೆಯದೇ, ಆದರೆ ಮುಚ್ಚಿಡಿ, ವಾರಕ್ಕೊಮ್ಮೆ ಖಾಲಿ ಮಾಡಿ ತಿಕ್ಕಿ ತೊಳೆಯಿರಿ. ಡೆಂಗಿ ಸೊಳ್ಳೆ ಮೊಟ್ಟೆಯಿಂದ ಹೊರಬಂದು ಹಾರಲು ಎಂಟು ಹತ್ತು ದಿನ ಸಾಕು, ಅದೂ ಇಂಥ ತಿಳಿನೀರಿನಲ್ಲೇ. ನೆರೆಯ ನಂತರ ಬಾವಿ, ಬೋರ್ ನೀರು ಎಷ್ಟು ತಿಳಿ ಕಂಡರೂ ನಂಬಬೇಡಿ. ಬಟ್ಟೆಯಲ್ಲಿ ಸೋಸಿ, ಕೊತಕೊತ ಕುದಿಸಿ ಕುಡಿಯಿರಿ. ಗ್ಯಾಸ್ ಉಳಿಸಬೇಕಿದ್ದರೆ ಕ್ಲೋರಿನ್ ಮಾತ್ರೆ ಹಾಕಿ ಅರ್ಧ ತಾಸು ಬಿಡಿ, ಪ್ರಮಾಣ ಪೊಟ್ಟಣದ ಮೇಲಿರುತ್ತದೆ. ವಾಂತಿ ಭೇದಿ ಶುರುವಾಗಿ ಓಆರ್‌ಎಸ್ ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚ ಗೋಪುರದಂತೆ ತುಂಬಬೇಡಿ, ಸಮ ಮಾಡಿ. ಉಪ್ಪು ಜಾಸ್ತಿ ಆದರೆ ಮಗುವಿಗೆ ತೊಂದರೆ.

ನಾಲಾ ಪಕ್ಕದ ಮನೆ ಅಂದಿರಿ, ಹಾವು ಬರುತ್ತವೆ. ಕಚ್ಚಿದರೆ ಬಿಗಿಯಾಗಿ ಕಟ್ಟೋದು, ಕೊಯ್ಯೋದು, ಬಾಯಿಂದ ಹೀರೋದು ಯಾವುದೂ ಬೇಡ. ಕೈಕಾಲು ಅಲುಗಾಡಿಸದೆ ಮಲಗಿಸಿ, 108 ಕರೆದು ದೊಡ್ಡ ಸರ್ಕಾರಿ ಆಸ್ಪತ್ರೆಗೆ. ಹಾವು ಹಿಡಿದು ತೋರಿಸಬೇಕಂತಲೂ ಇಲ್ಲ.


ವಡಗಾವಿಯವಳು:

ಎಲ್ಲರಿಗೂ ತುಂಬಾ ಧನ್ಯವಾದ. ನರ್ಸಕ್ಕಾ, ನಿಮ್ಮದನ್ನು ಅತ್ತೆಗೆ ಓದಿ ಹೇಳಿದೆ. ಗಡಿಗೆ ವಿಷಯ ಅವರಿಗೆ ಭಾಳ ಹಿಡಿಸಿತು, ಸಕ್ಕರೆ ಪೊಟ್ಟಣ ಇನ್ನೂ ಜಾಸ್ತಿ ಹಿಡಿಸಿತು! ಬ್ಯಾಗ್ ಆರ್ಡರ್ ಕ್ಯಾನ್ಸಲ್ ಮಾಡೋಕೆ ಹೇಳಿದ್ದೇನೆ. ಮೇಲಿನವರ ಕೀಲಿಕೈ ಪಕ್ಕದ ಹಾಲಿನವರ ಹತ್ತಿರ ಇರುತ್ತದಂತೆ, ಅದೂ ಗೊತ್ತಾಯಿತು.

ಕೊನೆಗೊಂದು ಪ್ರಶ್ನೆ. ಸಿಲಿಂಡರ್ ಎರಡಿದೆ. ನೀರು ಬರುವ ಲಕ್ಷಣ ಕಂಡರೆ ಅದನ್ನು ಏನು ಮಾಡಬೇಕು? ನಾನೊಬ್ಬಳೇ ಎತ್ತೋಕೆ ಆಗೋದಿಲ್ಲ.


ಕರೆಂಟ್ ಕಾಕಾ:

ಎತ್ತಬೇಕಿಲ್ಲಮ್ಮಾ. ರೆಗ್ಯುಲೇಟರ್ ಆಫ್ ಮಾಡಿ ಬಿಚ್ಚಿ, ಬಿಳಿ ಟೊಪ್ಪಿಗೆ ಹಾಕಿ. ಸಿಲಿಂಡರ್ ನೀರಿನಲ್ಲಿ ತೇಲುತ್ತದೆ, ಅದಕ್ಕೆ ಹಗ್ಗ ಹಾಕಿ ಕಿಟಕಿ ಸರಳಿಗೆ ನಿಲ್ಲಿಸಿಯೇ ಕಟ್ಟಿ. ಟೊಪ್ಪಿಗೆ ಎಲ್ಲಿದೆ ಅಂತ ಇವತ್ತೇ ಹುಡುಕಿ, ಎಷ್ಟೋ ಮನೆಯಲ್ಲಿ ಮಕ್ಕಳು ಆಡಿ ಕಳೆದಿರುತ್ತಾರೆ. ರಬ್ಬರ್ ಪೈಪಿನ ಮೇಲೆ ತಾರೀಖು ಇರುತ್ತದೆ, ಐದು ವರ್ಷ ದಾಟಿದ್ದರೆ ಬದಲಿಸಿ. ವಾಸನೆ ಬಂದರೆ ಲೈಟ್ ಹಾಕಲೂಬೇಡಿ, ಆರಿಸಲೂಬೇಡಿ. ಈ ಗ್ಯಾಸ್ ಗಾಳಿಗಿಂತ ಭಾರ, ಕೆಳಗೇ ನಿಲ್ಲುತ್ತದೆ, ಕಿಟಕಿ ತೆರೆದರೆ ಮಾತ್ರ ಸಾಲದು, ಬಾಗಿಲೂ ತೆರೆಯಿರಿ. ಹೊರಗೆ ಬಂದು 1906ಕ್ಕೆ ಫೋನ್ ಮಾಡಿ. ಈ ನಂಬರುಗಳನ್ನೆಲ್ಲ, 112 ಸೇರಿಸಿ, ಕಾಗದದಲ್ಲಿ ದೊಡ್ಡದಾಗಿ ಬರೆದು ಬಾಗಿಲ ಹಿಂದೆ ಅಂಟಿಸಿ. ಅತ್ತೆಗೆ ಚಾಳೀಸು ಇಲ್ಲದೆ ಕಾಣುವಷ್ಟು ದೊಡ್ಡದಾಗಿ.